ಹಗಲಲ್ಲಿ ಹಚ್ಚಿದ ಹೆಡ್‌ಲೈಟು

೧೯೯೭ರ ಜನವರಿ ೧೯, ರವಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ತ್ರ್ಯಂಬಕ ದೇಶಪಾಂಡೆಯವರು ಬೈಲಹೊಂಗಲದ ತಮ್ಮ ಮನೆಯ ಮುಂದೆ, ಫಿಯೆಟ್ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದರು. ಕಾಲುಗಳೆರಡೂ ಬಾಗಿಲಿನಿಂದ ಹೊರಗೆ ಚಾಚಿದ್ದವು. ಬಾಯಲ್ಲಿ ಟಾರ್ಚು, ಎಡಗೈಯಲ್ಲಿ ಎರಡು ವೈರು, ಬಲಗೈಯಲ್ಲಿ ಜೀರಿಗೆ ಕಾಳಿಗಿಂತ ತುಸು ದೊಡ್ಡದಾದ ಒಂದು ಡಯೋಡು. ಅಂದಿನ ರಾಮಾಯಣವೆಲ್ಲ ಶುರುವಾದದ್ದು ಆ ಡಯೋಡಿನಿಂದ.

ತ್ರ್ಯಂಬಕರು ಊರಿನ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದರು. ಕಾರು ೧೯೬೧ರದು, ವಕೀಲರಾಗಿದ್ದ ಅವರ ತಂದೆ ಕೊಂಡದ್ದು. ಕಾರಿಗೆ ಯಾವ ರೋಗವೂ ಇರಲಿಲ್ಲ. ರೋಗವಿದ್ದದ್ದು ಮಾಲೀಕರ ನೆನಪಿಗೆ. ಸಂಜೆ ಗಾಡಿ ನಿಲ್ಲಿಸಿ ಕೀಲಿ ತೆಗೆದು ಇಳಿಯುವರು, ಹೆಡ್‌ಲೈಟ್ ಆರಿಸಲು ಮರೆಯುವರು. ಮುಂಜಾನೆ ಬ್ಯಾಟರಿ ಪ್ರಾಣ ಬಿಟ್ಟಿರುತ್ತಿತ್ತು. ಓಣಿಯ ಮಂದಿ ಚಹಾ ಬಿಟ್ಟು ಎದ್ದು ಬಂದು ನೂಕಬೇಕಾಗುತ್ತಿತ್ತು. ಡಿಸೆಂಬರಿನಲ್ಲಿ ನಾಲ್ಕು ಸಲ, ಜನವರಿಯಲ್ಲಿ ಆಗಲೇ ಮೂರು ಸಲ. ತ್ರ್ಯಂಬಕರು ಪ್ರತಿಯೊಂದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದರು. ಬರೆದಿಡುವುದನ್ನು ಮಾತ್ರ ಅವರು ಎಂದೂ ಮರೆತವರಲ್ಲ.

ಹಿಂದಿನ ದಿನ, ಮೂರನೆಯ ನೂಕಾಟ ಮುಗಿದ ಮೇಲೆ, ಅವರ ಹೆಂಡತಿ ಶರ್ವರಿಬಾಯಿ ಹೊಸ್ತಿಲ ಮೇಲೆ ನಿಂತು, ನೂಕಿ ಏದುಸಿರು ಬಿಡುತ್ತಿದ್ದ ಓಣಿಯ ಮಂದಿಯ ಸಾಕ್ಷಿಯಲ್ಲಿ ಹೇಳಿದ್ದರು:

“ನೋಡ್ರಿ, ನನಗ ಇನ್ನ ಓಣ್ಯಾಗ ಮಾರಿ ಎತ್ತಿ ತಿರಗಲಿಕ್ಕೆ ಆಗೂದಿಲ್ಲ. ಇನ್ನೊಂದ ಸಲ ಮಂದಿ ಈ ಗಾಡಿಗೆ ಕೈ ಹಚ್ಚಿ ನೂಕಿದ್ರ, ಅವತ್ತ ಅಂದಾನೆಪ್ಪಗ ಕೀಲಿ ಕೊಡ್ತೀನಿ. ನಮ್ಮಪ್ಪನ ಗಾಡಿ ಅಂತ ಅಳಬ್ಯಾಡ್ರಿ ಮತ್ತ.”

ಅಂದಾನೆಪ್ಪ ಓಣಿಯ ತುದಿಯ ಗುಜರಿ ವ್ಯಾಪಾರಿ. ಪ್ರತಿ ಸಲವೂ ನೂಕಲು ಅವನೇ ಮೊದಲು ಬರುತ್ತಿದ್ದ. ಆದರೆ ಒಂದೇ ಕೈಯಿಂದ ನೂಕುತ್ತಿದ್ದ; ಇನ್ನೊಂದು ಕೈಯಿಂದ ತಗಡು ಬಡಿದು ಎಷ್ಟು ದಪ್ಪ ಇದೆ ಎಂದು ನೋಡುತ್ತಿದ್ದ. ಶರ್ವರಿಬಾಯಿಯ ಮಾತಿಗೆ ಅವನು, “ಅವಸರ ಇಲ್ರಿ ಬಾಯಾರ, ಹಳೇ ಕಬ್ಬಣ ಎಲ್ಲಿ ಓಡಿ ಹೋಗತೈತಿ?” ಎಂದು ವಿನಯದಿಂದ ನಕ್ಕಿದ್ದ.

ಆದ್ದರಿಂದಲೇ ಡ್ಯಾಶ್‌ಬೋರ್ಡಿನ ಕೆಳಗೆ ಈ ಬಜರು ಕೂಡಿಸುವ ಕೆಲಸ. ಕೀಲಿ ತೆಗೆದ ಮೇಲೂ ಹೆಡ್‌ಲೈಟ್ ಉರಿಯುತ್ತಿದ್ದರೆ ಅದು ಕೂಗಬೇಕು, ಗಾಡಿ ನಡೆಯುವಾಗ ಬಾಯಿ ಮುಚ್ಚಿಕೊಂಡಿರಬೇಕು. ಅದಕ್ಕೆ ಡಯೋಡು ಬೇಕು. ಡಯೋಡೆಂದರೆ ಸಂತೆಯ ದಿನ ಪೇಟೆಯ ಓಣಿಗೆ ನಿಲ್ಲಿಸಿದ ಪೊಲೀಸನಿದ್ದ ಹಾಗೆ. ಹೋಗುವ ಕರೆಂಟನ್ನು ಬಿಡುತ್ತದೆ, ಬರುವ ಕರೆಂಟನ್ನು ತಡೆಯುತ್ತದೆ. ಯಾವ ಮುಖ ಯಾವ ಕಡೆಗಿರಬೇಕು ಎಂದು ಗುರುತಿಸಲು ಅದರ ಒಂದು ತುದಿಗೆ ಬೆಳ್ಳಿ ಬಣ್ಣದ ಪಟ್ಟಿ ಇರುತ್ತದೆ. ತ್ರ್ಯಂಬಕರು ಆ ಪಟ್ಟಿಯನ್ನು ಸರಿಯಾದ ದಿಕ್ಕಿಗೆ ಹಿಡಿದುಕೊಂಡೇ ಇದ್ದರು.

“ಏನ ನಡಸೀರಿ ಸರ?” ಎಂದು ಎದುರುಮನೆಯ ಸಂಗಪ್ಪ ಕಾರಿನೊಳಗೆ ಬಗ್ಗಿದ. ಅವನು ಹಿಟ್ಟಿನ ಗಿರಣಿಯ ಮಾಲೀಕ. ಹುಬ್ಬಿನಿಂದ ಮೀಸೆಯವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಬೆಳಗಿನ ಹೊತ್ತೇ ಭೂತದಂತೆ ಕಾಣುತ್ತಿದ್ದ. “ಇದೇನ್ರಿ ಇದು, ಕಾಳಿನಂಗ? ಕೊಡ್ರಿ ನೋಡೂಣು.”

ಬಾಯಲ್ಲಿ ಟಾರ್ಚಿದ್ದ ತ್ರ್ಯಂಬಕರು “ಊಂ ಊಂ” ಎಂದರು. ಬೇಡ ಎಂಬುದು ಅದರ ಅರ್ಥ. ಸಂಗಪ್ಪ ಅದನ್ನು ಹೂಂ ಎಂದು ತಿಳಿದು ಡಯೋಡನ್ನು ಎತ್ತಿಕೊಂಡ, ಬೆಳಕಿಗೆ ಹಿಡಿದ, ಊದಿದ, ಕಿವಿಯ ಹತ್ತಿರ ಅಲ್ಲಾಡಿಸಿದ, “ಒಳಗೇನೂ ಇಲ್ರಿ” ಎಂದು ವಾಪಸು ಕೊಟ್ಟ. ಕೊಡುವಾಗ ತಲೆ ಇದ್ದ ಕಡೆ ಬಾಲ, ಬಾಲವಿದ್ದ ಕಡೆ ತಲೆ. ತ್ರ್ಯಂಬಕರು ಹಾಗೆಯೇ ವೈರಿಗೆ ಸುತ್ತಿ ಟೇಪು ಅಂಟಿಸಿದರು.

“ಸೀಟಿನ ಮ್ಯಾಲೆ ಕೂಡ್ರಿ ಸಂಗಪ್ಪ. ಲೈಟಿನ ಬಟನ್ ಒತ್ರಿ,” ಎಂದರು ಟಾರ್ಚು ತೆಗೆದು.

ಸಂಗಪ್ಪನಿಗೆ ಆ ಕಾರಿನಲ್ಲಿ ಗೊತ್ತಿದ್ದದ್ದು ಕೀಲಿ ಒಂದೇ. ಅದನ್ನು ತಿರುವಿದ. ಬಾಟಲಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯಂತೆ ಬಜರು ಕಿರ್ರೆಂದಿತು.

“ಬಂತ್ರಿ ಸರ! ಬಂತು!”

ಡ್ಯಾಶ್‌ಬೋರ್ಡಿನ ಕೆಳಗಿದ್ದವರಿಗೆ ಸಂಗಪ್ಪನ ಕೈ ಕಾಣಲಿಲ್ಲ. ಪ್ರಯೋಗ ಯಶಸ್ವಿಯಾಯಿತೆಂದು ತಿಳಿದು ಅವರು ಇಕ್ಕಳ, ಟೇಪು, ವೋಲ್ಟ್ ಅಳೆಯುವ ಮೀಟರು ಎಲ್ಲವನ್ನೂ ಡಬ್ಬಿಗೆ ತುಂಬಿದರು. ಸಂಕ್ರಾಂತಿಗೆಂದು ಸಂಪಗಾಂವದ ಮಗಳ ಮನೆಗೆ ಹೋಗಿದ್ದ ತಾಯಿ ಯಮುನಾಬಾಯಿಯನ್ನು ಅವತ್ತು ಕರೆದುಕೊಂಡು ಬರಬೇಕಾಗಿತ್ತು. ತಾಯಿಗೆ ಎಪ್ಪತ್ತೆಂಟು ವರ್ಷ. ಬಸ್ಸೆಂದರೆ ಆಗದು, ಗಂಡನ ಫಿಯೆಟ್ಟೇ ಬೇಕು.

ಕೀಲಿ ತಿರುವಿದ್ದೇ ತಡ ಬಜರು ಕೂಗಲು ಹಿಡಿಯಿತು. ಕಾರು ಸಂತೆ ಬಯಲು ದಾಟಿತು, ಬಜರು ಕೂಗಿತು. ಊರ ಹೊರಗಿನ ಹತ್ತಿ ಬಿಡಿಸುವ ಜಿನ್ನು ದಾಟಿತು, ಕೂಗಿತು. ಎರಡನೆಯ ಕಿಲೋಮೀಟರಿಗೆ ತ್ರ್ಯಂಬಕರ ಹಲ್ಲುಗಳು ತಾವಾಗಿ ಕಡಿಯತೊಡಗಿದವು. ಕೊನೆಗೆ, ಏನಾಗುತ್ತದೋ ನೋಡೋಣವೆಂದು ಹೆಡ್‌ಲೈಟಿನ ಬಟನ್ ಒತ್ತಿದರು. ಬಜರು ಗಪ್ಪಾಯಿತು. ಆರಿಸಿದರು; ಕೂಗಿತು. ಮತ್ತೆ ಹಚ್ಚಿದರು, ಗಪ್ಪು. ಎಲ್ಲಿಯೋ ತಪ್ಪಿದೆ, ಊರಿಗೆ ಮರಳಿದ ಮೇಲೆ ನೋಡಿದರಾಯಿತು, ಸದ್ಯಕ್ಕೆ ಕಿವಿ ಉಳಿಯಲಿ ಎಂದುಕೊಂಡು ಅವರು ಒಂಬತ್ತೂವರೆಯ ನಿಚ್ಚಳ ಬಿಸಿಲಿನಲ್ಲಿ ಎರಡೂ ಹೆಡ್‌ಲೈಟು ಉರಿಸುತ್ತ ಮುಂದೆ ಹೋದರು.

ನಮ್ಮ ಕಡೆಯ ಮಂದಿ ಏನನ್ನಾದರೂ ಸಹಿಸಿಯಾರು, ಹಗಲಲ್ಲಿ ಉರಿಯುವ ಹೆಡ್‌ಲೈಟನ್ನು ಸಹಿಸಲಾರರು. ಎದುರು ಬಂದ ಸೈಕಲ್ಲಿನವನು ಹ್ಯಾಂಡಲ್ ಬಿಟ್ಟು, ಲೈಟು ಉರಿಯುತ್ತಿದೆ ಎಂದು ಮುಷ್ಟಿ ತೆರೆದು ಮುಚ್ಚಿ ತೋರಿಸಿದ. ಕಬ್ಬಿನ ಟ್ರ್ಯಾಕ್ಟರಿನವನು ತೋರಿಸಿದ. ಎಮ್ಮೆಯ ಮೇಲೆ ಕೂತವನು ಎರಡೂ ಕೈಯಿಂದ ತೋರಿಸಿದ. ಸಂಪಗಾಂವ ಮುಟ್ಟುವಷ್ಟರಲ್ಲಿ ಇಪ್ಪತ್ತೇಳು ಮಂದಿ ತೋರಿಸಿದ್ದರು. ತ್ರ್ಯಂಬಕರು ಎಣಿಸಿದ್ದರು. ಎಲ್ಲರಿಗೂ ಅವರದು ಒಂದೇ ಉತ್ತರ: ಗೊತ್ತಿದೆ, ಏನು ಮಾಡಲಿ ಎಂಬಂತೆ ಮೆಲ್ಲಗೆ ತಲೆ ಬಾಗಿಸುವುದು.

ಮಗಳ ಮನೆಯ ಅಂಗಳದಲ್ಲಿ ಯಮುನಾಬಾಯಿ ಕಾರು ಹತ್ತಿದರು. ಬಜರು ಒಂದು ಗಳಿಗೆ ಕಿರ್ರೆಂದಿತು.

“ಏನೋ ತ್ರಿಂಬಕಾ ಇದು? ಗಾಡ್ಯಾಗ ಹುಳಾ ಹೊಕ್ಕದ?”

“ಹುಳಾ ಅಲ್ಲವ್ವಾ, ಬಜರು. ಲೈಟ್ ಹಚ್ಚಿದ್ರ ಸುಮ್ಮನಿರ್ತದ.”

“ಹಂಗಾರ ಹಚ್ಚ್ಯಽ ಇಡಪಾ. ನಿಮ್ಮಪ್ಪ ಇದ್ದಾಗ ಈ ಗಾಡಿ ಹಿಂಗ ಅಳತಿರಲಿಲ್ಲ.”

ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಧೂಳು. ಯಮುನಾಬಾಯಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದರು. ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಬಿಳಿ ಸೀರೆಯ ಸೆರಗನ್ನು ಮುಖದ ತುಂಬ ಎಳೆದುಕೊಂಡರು. ಎರಡು ನಿಮಿಷಕ್ಕೆ ನಿದ್ದೆ ಹತ್ತಿತು.

ಆ ಕಾಲದಲ್ಲಿ ಹಗಲು ಹೆಡ್‌ಲೈಟ್ ಹಚ್ಚಿಕೊಂಡು ಓಡಾಡುವ ಕಾರುಗಳು ಎರಡೇ ಬಗೆಯವು: ಒಂದು ಮಂತ್ರಿಯದು, ಇನ್ನೊಂದು ಹೆಣದ್ದು. ತ್ರ್ಯಂಬಕರ ಹಿಂದೆ ಪೊಲೀಸ್ ಜೀಪು ಇರಲಿಲ್ಲ.

ಊರು ಇನ್ನೂ ಆರು ಕಿಲೋಮೀಟರಿದೆ ಎನ್ನುವಾಗ ಬೈಲಹೊಂಗಲದ ಬಸ್ಸು ಹಿಂದಿನಿಂದ ಬಂದು ಪಕ್ಕಕ್ಕೆ ಹತ್ತಿತು. ಬಾಗಿಲಿನಲ್ಲಿ ನಿಂತಿದ್ದ ಕಂಡಕ್ಟರ್ ರಾಯಪ್ಪ ಅವರದೇ ಓಣಿಯವನು. ಅವನೂ ಮುಷ್ಟಿ ತೆರೆದು ಮುಚ್ಚಿದ. ಅಷ್ಟರಲ್ಲಿ ಅವನ ಕಣ್ಣು ಹಿಂದಿನ ಸೀಟಿಗೆ ಬಿತ್ತು. ಕೈ ಅಲ್ಲಿಯೇ ನಿಂತಿತು. ಗದ್ದ ಎತ್ತಿ, ಹುಬ್ಬಿನಿಂದಲೇ ಏನೆಂದು ಕೇಳಿದ.

ಲೈಟ್ ಆರಿಸಿದರೆ ಬಜರು ಕೂಗುತ್ತದೆ, ತಾಯಿಗೆ ಎಚ್ಚರವಾಗುತ್ತದೆ ಎಂಬುದನ್ನು ಓಡುವ ಬಸ್ಸಿಗೆ ತಿಳಿಸುವುದು ಹೇಗೆ? ತ್ರ್ಯಂಬಕರು ಹಿಂದಕ್ಕೆ ಬೆರಳು ಮಾಡಿ ತಾಯಿಯನ್ನು ತೋರಿಸಿದರು, ಶಬ್ದ ಮಾಡಬೇಡ ಎಂದು ಬೆರಳನ್ನು ತುಟಿಗೆ ಇಟ್ಟುಕೊಂಡರು, ಇದೆಲ್ಲ ನನ್ನ ಕೈಮೀರಿದ್ದು ಎಂದು ಅಂಗೈಯನ್ನು ಆಕಾಶಕ್ಕೆ ತಿರುಗಿಸಿದರು.

ರಾಯಪ್ಪ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಬಸ್ಸು ಹಾರ್ನು ಹಾಕದೆ ಮೆತ್ತಗೆ ಮುಂದೆ ಹೋಯಿತು. ಸರಕಾರಿ ಬಸ್ಸಿಗೂ ಇಷ್ಟು ನಾಗರಿಕತೆ ಬಂತಲ್ಲ ಎಂದು ತ್ರ್ಯಂಬಕರಿಗೆ ಸಂತೋಷವಾಯಿತು.

ಮುಂದಿನ ತಿರುವಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಟ್ರೇಲರೊಂದರ ಅಚ್ಚು ಮುರಿದು ಕಬ್ಬೆಲ್ಲ ರಸ್ತೆಯ ಮೇಲೆ ಬಿತ್ತು. ಬಸ್ಸು ಅದಕ್ಕೆ ಮೊದಲೇ ದಾಟಿಯಾಗಿತ್ತು. ಕಾರು ಒಂದು ಗಂಟೆ ಹತ್ತು ನಿಮಿಷ ನಿಲ್ಲಬೇಕಾಯಿತು. ತ್ರ್ಯಂಬಕರು ಲೈಟು ಆರಿಸಿ, ಕೀಲಿ ತೆಗೆದು, ಬೇವಿನ ನೆರಳಿನಲ್ಲಿ ಕೂತು ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಸರ್ಕ್ಯೂಟಿನ ಚಿತ್ರ ಬರೆದರು. ಬಾಣದ ಗುರುತು ಹಾಕಿದರು. ನೋಡಿದರು. ಡಯೋಡು ತಿರುಗುಮುರುಗಾಗಿದೆ! ಕೂಗಬಾರದಾಗ ಕೂಗುತ್ತಿದೆ, ಕೂಗಬೇಕಾದಾಗ ಸುಮ್ಮನಿರುತ್ತದೆ. ಈ ತಪ್ಪಿಗೆ ಅವರು ಪ್ರಾಯೋಗಿಕ ಪರೀಕ್ಷೆಯಲ್ಲಿ ಇಂದಿನವರೆಗೆ ಎಷ್ಟೋ ಹುಡುಗರ ಐದೈದು ಅಂಕ ಕಿತ್ತುಕೊಂಡಿದ್ದರು.

ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದರು. ಟೇಪು ಬಿಚ್ಚಿ, ಡಯೋಡನ್ನು ತಿರುಗಿಸಿ, ವೈರಿಗೆ ಸುತ್ತಿ ಟೇಪು ಹಾಕಿದರು. ಈ ಸಲ ಪರೀಕ್ಷೆಯನ್ನು ತಾವೇ ಮಾಡಿದರು. ಕೀಲಿ ಹಾಕಿದರೆ ಮೌನ. ಕೀಲಿ ತೆಗೆದು ಲೈಟ್ ಹಚ್ಚಿದರೆ ಕಿರ್ರ್! ಆರಿಸಿದರೆ ಮೌನ. ಯಮುನಾಬಾಯಿ ನಿದ್ದೆಯಲ್ಲಿಯೇ “ಸುಮ್ಮನ ಮಲಗೋ” ಎಂದು ಮಗ್ಗುಲು ಬದಲಿಸಿದರು. ತಂದೆಯ ಗಾಡಿ ಉಳಿಯಿತು ಎಂದು ತ್ರ್ಯಂಬಕರಿಗೆ ಕಣ್ಣು ತುಂಬಿ ಬಂತು. ಶರ್ವರಿಗೆ ಹೇಳಿದರೆ ನಂಬುವುದಿಲ್ಲ, ಕಿವಿಯಿಂದಲೇ ಕೇಳಿಸಬೇಕು.

ಹನ್ನೆರಡೂಕಾಲಿಗೆ ಕಾರು ಓಣಿಯ ಮೂಲೆಗೆ ಬಂತು. ಅಲ್ಲಿಂದಲೇ ಕಂಡಿತು, ಮನೆಯ ಮುಂದೆ ಐವತ್ತು ಅರವತ್ತು ಮಂದಿ! ಸಂಗಪ್ಪನ ಗಿರಣಿ ನಿಂತಿದೆ. ಗಂಡಸರು ಟವೆಲ್ಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದಾರೆ. ಅಂದಾನೆಪ್ಪ ಕೂಡ ಬಂದಿದ್ದಾನೆ.

‘ಬಜರಿನ ಸುದ್ದಿ ಸಂಗಪ್ಪ ಊರಿಗೆಲ್ಲ ಹಬ್ಬಿಸಿದ್ದಾನೆ’ ಎಂದುಕೊಂಡರು ತ್ರ್ಯಂಬಕರು. ಬಂದವರಿಗೆ ನಿರಾಶೆಯಾಗಬಾರದು. ಅವರು ಮೂಲೆಯಲ್ಲಿಯೇ ಹೆಡ್‌ಲೈಟ್ ಹಚ್ಚಿದರು. ಮೆರವಣಿಗೆಯ ವೇಗದಲ್ಲಿ ಬಂದು ಕಂಪೌಂಡಿನ ಗೋಡೆಗೆ ಮೂತಿ ತಾಗುವಷ್ಟು ಹತ್ತಿರ ಗಾಡಿ ನಿಲ್ಲಿಸಿದರು. ಕೀಲಿ ಎಳೆದರು. ಬಜರು ಕಿರ್ರೆಂದಿತು. ಅವರು ಬಾಗಿಲು ತೆಗೆದು, ಮುಖವೆಲ್ಲ ನಗೆಯಾಗಿ, ಎರಡೂ ಕೈ ಚಾಚಿ “ಕೇಳ್ರಿ!” ಎಂದರು.

ಯಾರೂ ಕೇಳಲಿಲ್ಲ. ಯಾಕೆಂದರೆ ಅದೇ ಗಳಿಗೆಗೆ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಕಟ್ಟೆಯ ಮೇಲಿದ್ದ ಶರ್ವರಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಾಯಪ್ಪನೂ ಇನ್ನಿಬ್ಬರೂ ತ್ರ್ಯಂಬಕರನ್ನು ತಬ್ಬಿ ಹಿಡಿದು ಒಳಗೆ ನಡೆಸಿಕೊಂಡು ಹೋದರು.

“ಧೈರ್ಯಾ ತಗೋರಿ ಸರ. ವಯಸ್ಸಾಗಿತ್ತು.”

“ಯಾರಿಗೆ? ಬಿಡ್ರಿ ನನ್ನ, ಅಲ್ಲಿ ಬಜರು...”

“ಮಾತಾಡಬ್ಯಾಡ್ರಿ ಸರ. ಪಾಪ, ನಗಾಕ ಹತ್ಯಾರ ನೋಡ್ರಿ. ದುಃಖ ತಲಿಗೆ ಏರೇತಿ. ನೀರ ಕೊಡ್ರಿ ಯಾರರ!”

ಹೊರಗೆ, ಹಾಲು ಮಾರುವ ತಾಯವ್ವ ಕಾರಿನ ಹಿಂಬಾಗಿಲು ತೆರೆದು ಯಮುನಾಬಾಯಿಯ ಪಾದದ ಮೇಲೆ ಬಿದ್ದಳು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಅಳುವವರು ಇನ್ನೊಬ್ಬರಿರಲಿಲ್ಲ. “ನನ್ನ ತಾಯೀ, ದಿನಾ ಅರ್ಧ ಸೇರ ಹಾಲು ಯಾರಿಗೆ ಕೊಡಲೇ! ನೀರ ಹಾಕೀಯೇನ ತಾಯವ್ವಾ ಅಂತ ಯಾರ ಕೇಳತಾರ ನನಗ!”

ಸೆರಗು ಸರಿಯಿತು. ಯಮುನಾಬಾಯಿ ಎದ್ದು ಕೂತು ಕಣ್ಣುಜ್ಜಿಕೊಂಡರು.

“ಯಾರ ಹೋದ್ರ ತಾಯವ್ವಾ?”

ತಾಯವ್ವ ರಾಗ ಕಡಿಯದೆ, “ನೀವಽ ಹೋದ್ರಿ ಬಾಯಾರಾ!” ಎಂದಳು. ಆಮೇಲೆ ತಲೆಯೆತ್ತಿ ನೋಡಿ ಕಿರುಚಿಕೊಂಡಳು.

ಮುಂದಿನ ಹತ್ತು ನಿಮಿಷ ಯಾರು ಯಾರಿಗೆ ಏನೆಂದರೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ರಾಯಪ್ಪನ ಮೇಲೆ ತಿರುಗಿಬಿದ್ದರು.

“ನಾ ಎಲ್ಲಿ ಸತ್ತಾರಂದೆ?” ಎಂದು ರಾಯಪ್ಪ ಬೆವರಿದ. “ಹಗಲೊತ್ತಿನ್ಯಾಗ ಲೈಟ್ ಹಚ್ಚಿದ್ರು, ಬಿಳೀ ಸೀರಿ ಹೊಚ್ಚಿದ್ರು, ಮ್ಯಾಲೆ ಕೈ ಮಾಡಿ ತೋರ್ಸಿದ್ರು. ಇನ್ನೇನ್ ಟಿಕೀಟ ಹರದು ಕೊಡಬೇಕಿತ್ತೇನ್ರಿ?”

ಯಮುನಾಬಾಯಿ ಮಾತ್ರ ಬಹಳ ಸಂತೋಷಪಟ್ಟರು. ತಮಗಾಗಿ ಯಾರು ಯಾರು ಅತ್ತರು, ಯಾರು ಬರೇ ಕಣ್ಣೊರೆಸಿಕೊಂಡರು ಎಂಬುದನ್ನೆಲ್ಲ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. ಬಂದವರು ಬರಿಗೈಲಿ, ಬರಿಹೊಟ್ಟೆಯಲ್ಲಿ ಹೋಗಬಾರದೆಂದು ಅಪ್ಪಣೆಯಾಯಿತು. ಶರ್ವರಿಬಾಯಿ ಅವಲಕ್ಕಿ ಹಚ್ಚಿದರು. ತಾಯವ್ವ ಹಾಲು ತಂದಳು, ಆ ದಿನ ನೀರಿಲ್ಲದ್ದು. ಚಹಾ ಮೂರು ಸುತ್ತು ಬಂತು.

ಮೂರು ಗಂಟೆಗೆ ಯಮುನಾಬಾಯಿ ಎದ್ದರು. “ಹೋಗಿ ಬಂದಂಗ ಆತು ನೋಡ್ರಿ. ಗುಡಿಗೆ ಹೋಗಿ ಒಂದು ಕಾಯಿ ಒಡಿಸಿಕೊಂಡು ಬರೂಣು. ತ್ರಿಂಬಕಾ, ಗಾಡಿ ತಗಿ.”

ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಶರ್ವರಿಬಾಯಿ ತಾವಾಗಿಯೇ ಮುಂದಿನ ಸೀಟಿಗೆ ಬಂದು ಕೂತರು. ಅಳು ಮುಗಿದವರ ಮನಸ್ಸು ಮೆತ್ತಗಿರುತ್ತದೆ. “ಗಾಡಿ ಬಗ್ಗೆ ನಾನೂ ಸ್ವಲ್ಪ ಬಿರುಸಾಗಿ ಮಾತಾಡಿದೆ ಬಿಡ್ರಿ,” ಎಂದರು. “ಅತ್ತಿಯವರನ್ನ ಛಲೋ ತಂದು ಮುಟ್ಟಿಸ್ತು. ಹಿಂಗ ನೂಕದಽ ನಡದ್ರ ಸಾಕು.”

“ಇನ್ನ ನೂಕೂದು ಎಲ್ಲಿ ಬಂತು, ಬಜರ್ ಅದ ಅಲ್ಲ?” ಎಂದು ತ್ರ್ಯಂಬಕರು ಎದೆಯುಬ್ಬಿಸಿ ಕೀಲಿ ತಿರುವಿದರು.

ಟಿಕ್ ಎಂದಿತು. ಇನ್ನೊಮ್ಮೆ ತಿರುವಿದರು. ಟಿಕ್ ಅನ್ನುವುದೂ ನಿಂತಿತು.

ಅವರು ಇಳಿದು ಮುಂದೆ ಬಗ್ಗಿ ನೋಡಿದರು. ಗೋಡೆಗೆ ಮುಖ ಮಾಡಿದ್ದ ಹೆಡ್‌ಲೈಟುಗಳು ಸೇದಿ ಬಿಸಾಡಿದ ಬೀಡಿಯ ತುದಿಯಂತೆ ಕೆಂಪಗೆ ಮಿಣುಕುತ್ತಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ಬಜರಿನ ವೈರು ಕಿತ್ತು ನೇತಾಡುತ್ತಿತ್ತು.

“ಇದನ್ನ ಯಾರು ಕಿತ್ತವರು?” ತ್ರ್ಯಂಬಕರ ಧ್ವನಿಯೇ ಬಜರಿನಂತಾಗಿತ್ತು.

“ನಾನ ರೀ ಸರ,” ಎಂದು ಸಂಗಪ್ಪ ಮುಂದೆ ಬಂದ. ಹಿಟ್ಟು ಮೆತ್ತಿದ ಮುಖದಲ್ಲಿ ಉಪಕಾರ ಮಾಡಿದವನ ಕಳೆ ಇತ್ತು. “ನಿಮ್ಮನ್ನ ಒಳಗ ಕರ್ಕೊಂಡು ಹೋದ್ರಲ್ಲ, ಆಗ ಒಂದ ಸವನ ಒದರಾಕ ಹತ್ತಿತ್ತು. ಸತ್ತ ಮನಿ ಮುಂದ ಪೀಪಿ ಊದಿದಂಗ ಆಗಬಾರದು ಅಂತ ಕಿತ್ತ ಒಗದೆ.”

“ಕಿತ್ತರ ಕಿತ್ತಿರಿ, ಲೈಟ್ ಆರಸಬಾರದಾಗಿತ್ತೇನು ಮಾರಾಯಾ!”

ಸಂಗಪ್ಪ ಎರಡೂ ಕಿವಿ ಮುಟ್ಟಿಕೊಂಡ. “ಹೆಣದ ತಲಿ ಕಡೆ ಹಚ್ಚಿದ ದೀಪ ಯಾರರ ಆರಸತಾರೇನ್ರಿ ಸರ? ಅಂಥಾ ಪಾಪದ ಕೆಲಸ ನನ್ನ ಕೈಲೆ ಆಗೂದಿಲ್ರಿ. ಒಬ್ಬಾಂವ ಆರಸಾಕ ಬಂದಿದ್ದ, ಅವನ ಕೈ ಹಿಡದು ಹೊಳ್ಳಿ ಕಳಿಸೇನಿ.”

ಓಣಿಯ ಹಿರಿಯರೆಲ್ಲ ಹೌದು ಹೌದೆಂದು ತಲೆದೂಗಿದರು. ಸಂಗಪ್ಪ ಮಾಡಿದ್ದರಲ್ಲಿ ಯಾರಿಗೂ ಒಂದು ತಪ್ಪೂ ಕಾಣಲಿಲ್ಲ.

“ಆತು, ಬರ್ರಿ, ಕೈ ಹಚ್ಚ್ರಿ ಎಲ್ಲಾರೂ!” ಎಂದ ರಾಯಪ್ಪ. ಐವತ್ತು ಅರವತ್ತು ಮಂದಿ ಒಂದೇ ಹೊತ್ತಿಗೆ ತೋಳು ಮೇಲೆ ಮಾಡಿದರು. ಹೆಗಲು ಕೊಡಲೆಂದೇ ಬಂದವರು. ಬಂದ ಕೆಲಸ ಇಲ್ಲದೆ ಅವರಿಗೂ ಕೈ ಕಡಿಯುತ್ತಿತ್ತು. ಶರ್ವರಿಬಾಯಿ ಇಳಿದು ಹೊಸ್ತಿಲ ಮೇಲೆ ಹೋಗಿ ನಿಂತರು. ಯಮುನಾಬಾಯಿ ಇಳಿಯಲು ಒಪ್ಪಲಿಲ್ಲ. ಮಂದಿ ಗಾಡಿಯನ್ನು ಗೋಡೆಯಿಂದ ಹಿಂದಕ್ಕೆಳೆದು ಓಣಿಯ ತುದಿಗೆ ಮುಖ ಮಾಡಿ ನಿಲ್ಲಿಸಿದರು.

ಅಂದಾನೆಪ್ಪ ತಾನು ತಂದಿದ್ದ ಚೆಂಡುಹೂವಿನ ಮಾಲೆ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಕಿಟಕಿಯಿಂದ ಯಮುನಾಬಾಯಿ, “ಹೂವಾ ಯಾಕ ಬಾಡಸ್ತೀಯೋ, ಗಾಡಿಗೆ ಹಾಕು,” ಎಂದರು. ಅವನು ಮಾಲೆಯನ್ನು ಫಿಯೆಟ್ಟಿನ ಮೂತಿಗೆ ಭಕ್ತಿಯಿಂದ ಕಟ್ಟಿ, ಹಿಂದೆ ಬಂದು, ಇದೇ ಮೊದಲ ಸಲ, ಎರಡೂ ಕೈಯಿಂದ ನೂಕಿದ.

ಗಾಡಿ ಚಾಲೂ ಆಗಲಿಲ್ಲ. ಓಣಿಯ ತುದಿಯಲ್ಲಿದ್ದ ಅಂದಾನೆಪ್ಪನ ಗುಜರಿಯ ಅಂಗಳ ಮುಟ್ಟಿದರೂ ಆಗಲಿಲ್ಲ. ಶರ್ವರಿಬಾಯಿ ಹಿಂದೆ ನಡೆದುಕೊಂಡು ಬಂದು ಕೀಲಿಗಾಗಿ ಕೈ ಚಾಚಿದರು.

ಆ ಸಂಜೆ ತ್ರ್ಯಂಬಕರು ಡೈರಿಯಲ್ಲಿ ಬರೆದರು: “ಜನವರಿ ೧೯. ಈ ತಿಂಗಳಲ್ಲಿ ನಾಲ್ಕನೆಯದು. ಬಜರಿನಲ್ಲಿ ದೋಷವಿರಲಿಲ್ಲ. ಗಾಡಿ ಒಪ್ಪಿಸುವ ಮೊದಲು ಅಳೆದಾಗ ೧೨ ವೋಲ್ಟಿನ ಬ್ಯಾಟರಿ ೪.೬ ವೋಲ್ಟ್.”